ನಕ್ಕರೆ ಬೆಲ್ಲ

ಉಷಾರಾಣಿ ಬೆಂಗಳೂರಿನಿಂದ ಗಂಟುಮೂಟೆ ಸಮೇತ ರಾಯದುರ್ಗದ ಮನೆಗೆ ಬಂದಾಗ ಓಣಿಯ ಹೆಂಗಸರೆಲ್ಲ ಮದುವೆ ಗೊತ್ತಾಗಿದೆ ಎಂದೇ ತಿಳಿದರು. ಅದಲ್ಲ, ಸಂಶೋಧನೆಗೆ ಬಂದಿದ್ದಾಳೆ ಎಂದು ತಾಯಿ ದ್ರಾಕ್ಷಾಯಣಮ್ಮ ಹೇಳಿದ ಮೇಲೆ ಎಲ್ಲರ ಮುಖ ಸಪ್ಪಗಾಯಿತು. ಮೂವತ್ತೈದರ ಹೆಣ್ಣು, ಫಿಸಿಯೋಥೆರಪಿ ಓದಿ ನೌಕರಿ ಮಾಡಿದ್ದು ಸಾಲದೆ ಈಗ ಅದರ ಮೇಲೆ ಪಿಎಚ್‌ಡಿ ಬೇರೆ.

“ಅಂದ್ರ ಕಾಲು ತಿಕ್ಕೋ ಡಾಕ್ಟ್ರಾ?” ಎಂದು ಎದುರುಮನೆಯಾಕೆ ಕೇಳಿದಳು.

“ತಿಕ್ಕೋದಲ್ಲರಿ. ಹುಟ್ಟೋ ಹೊತ್ತಿನ್ಯಾಗ ಮೆದುಳಿಗೆ ಪೆಟ್ಟಾಗಿ ಕೈಕಾಲು ಬಿಗಿದುಕೊಂಡಿರೋ ಮಕ್ಕಳಿರ್ತಾವಲ್ಲ, ಸೆರೆಬ್ರಲ್ ಪಾಲ್ಸಿ ಅಂತೀವಿ. ಅವುಕ್ಕ ಭಾಳ ಸಲ ಮಾತೂ ಬಂದಿರಂಗಿಲ್ಲ. ನೋವು ಎಷ್ಟೈತಿ ಅಂತ ನಮಗ ಹೆಂಗ ತಿಳೀಬೇಕು? ಅದನ್ನ ಹುಡುಕಾಕತ್ತೀನಿ.”

“ಅಯ್ಯ, ನೋವಾದ್ರ ಅಳ್ತಾವ. ಅದಕ್ಯಾಕ ಓದಬೇಕು?”

ಉಷಾಳಿಗೆ ಸಿಟ್ಟು ಬಂತು. ವರ್ಷಗಟ್ಟಲೆ ಮಾಡಿದ ಕೆಲಸವನ್ನು ಒಂದೇ ಮಾತಿನಲ್ಲಿ ಗುಡಿಸಿ ಹಾಕಿದರೆ ಯಾರಿಗೆ ಬರುವುದಿಲ್ಲ? ಆದರೆ ನಿಜ ಹೇಳಬೇಕೆಂದರೆ ಆಕೆಯ ಸಂಶೋಧನೆಯೂ ಹೆಚ್ಚುಕಡಿಮೆ ಅದೇ ಮಾತಿನ ಮೇಲೆ ನಿಂತಿತ್ತು. ವ್ಯಾಯಾಮ ಮಾಡಿಸುವಾಗ ಮಗುವಿನ ಹುಬ್ಬು, ಕಣ್ಣು, ತುಟಿ ನೋಡಿ ನೋವಿಗೆ ಅಂಕ ಹಾಕುವುದು. ರಾಯದುರ್ಗ, ಮಡಕಶಿರಾ ಸುತ್ತಿನ ಹಳ್ಳಿಗಳ ಮಕ್ಕಳಲ್ಲಿ ಈ ಅಂಕ ಸರಿ ಬರುತ್ತದೆಂದು ತೋರಿಸಿದರೆ ಡಾಕ್ಟರೇಟು.

ಅಂಥ ಮಗುವೊಂದು ಸ್ವಂತ ಮನೆಯಲ್ಲೇ ಇತ್ತು. ತಮ್ಮ ಕಿರಣ್‌ಕುಮಾರನ ಮಗಳು, ಏಳು ವರ್ಷದ ಹೇಮಾವತಿ. ಎಲ್ಲರ ಬಾಯಲ್ಲಿ ಹೇಮಿ. ಕಿರಣ್ ಬಳ್ಳಾರಿಯ ಜೀನ್ಸ್ ಕಾರ್ಖಾನೆಯೊಂದರಲ್ಲಿ ಕಟಿಂಗ್ ಮಾಸ್ಟರ್. ಭಾನುವಾರ ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಅವನ ಹೆಂಡತಿ ಗಂಗೋತ್ರಿ ಮಡಕಶಿರಾ ಸೀಮೆಯವಳು, ಹೇಮಾವತಿ ಊರಿನ ಮಗ್ಗುಲ ಹಳ್ಳಿಯವಳು. ಹುಟ್ಟಿದಾಗ ಅಳದೆ ಬಿದ್ದಿದ್ದ ಮಗು ಉಳಿದರೆ ಅಲ್ಲಿನ ಸಿದ್ಧೇಶ್ವರನ ಊರಿನ ಹೆಸರನ್ನೇ ಇಡುತ್ತೇನೆಂದು ಹರಕೆ ಹೊತ್ತಿದ್ದಳು.

ಗಂಗೋತ್ರಿ ಪಡಸಾಲೆಯಲ್ಲಿ ಮೋಟರ್ ಮಿಷನ್ ಇಟ್ಟುಕೊಂಡು ಜೀನ್ಸ್ ಪ್ಯಾಂಟಿಗೆ ಜೇಬು ಹೊಲಿಯುತ್ತಿದ್ದಳು. ಮೇಸ್ತ್ರಿ ಹೊನ್ನೂರಪ್ಪ ಬೆಳಗ್ಗೆ ಬಂಡಲ್ ಹಾಕಿ ಹೋಗುತ್ತಿದ್ದ, ಸಂಜೆ ಬಂದು ಒಯ್ಯುತ್ತಿದ್ದ. ಒಂದು ದಿನ ಕೈಕೊಟ್ಟರೆ ಮರುದಿನದ ಬಂಡಲ್ ಬೇರೆ ಮನೆಗೆ. ಹಾಗಾಗಿ ಆ ಮನೆಯಲ್ಲಿ ದೇವರ ದೀಪ ಆರಬಹುದಿತ್ತು, ಮಿಷನ್ ನಿಲ್ಲುವಂತಿರಲಿಲ್ಲ.

ಬೆಳಗಿನ ಮಂಡಕ್ಕಿ ಒಗ್ಗಾಣಿ ತಿಂದಾದ ಮೇಲೆ ಹೇಮಿಯ ವ್ಯಾಯಾಮ. ಜೀನ್ಸ್ ಚಿಂದಿ ಜೋಡಿಸಿ ಹೊಲಿದ ಕೌದಿಯ ಮೇಲೆ ಅವಳನ್ನು ಮಲಗಿಸುತ್ತಿದ್ದರು. ಕಾಲ ಕಡೆ ಉಷಾ, ತಲೆಯ ಕಡೆ ದ್ರಾಕ್ಷಾಯಣಮ್ಮ. ಗಂಗೋತ್ರಿ ಮಿಷನ್ ಮುಂದೆ, ಬೆನ್ನು ಇತ್ತ ಮಾಡಿ.

“ನಗವ್ವ, ನಗು,” ಎನ್ನುತ್ತಿದ್ದಳು ದ್ರಾಕ್ಷಾಯಣಮ್ಮ. “ಅತ್ರ ನಿಮ್ಮವ್ವ ಮಿಷನ್ ಬಿಟ್ಟು ಏಳ್ತಾಳ. ನಗೋರಿಗೆ ಬೆಲ್ಲ, ಅಳೋರಿಗೆ ಇಲ್ಲ.”

ಹೇಮಿ ಬಾಯಿ ಅಗಲಿಸಿ ಕಿಲಕಿಲ ನಗುತ್ತಿದ್ದಳು. ಅಜ್ಜಿಯ ಸೆರಗಿನ ಗಂಟಿನಿಂದ ಒಂದು ಚೂರು ಬೆಲ್ಲ ಅವಳ ಬಾಯಿಗೆ ಬೀಳುತ್ತಿತ್ತು. ಅಜ್ಜಿ ಮುದ್ದು ಮಾಡುತ್ತಾಳೆ ಎಂದುಕೊಂಡಳು ಉಷಾ. ಅದರಾಚೆ ಯೋಚನೆ ಮಾಡಲಿಲ್ಲ. ಹುಬ್ಬು ಗಂಟಿಕ್ಕಿಲ್ಲ, ತುಟಿ ಬಿಗಿದಿಲ್ಲ, ನೋವು ಸೊನ್ನೆ. ಒಂದು ದಿನ ಫೋನಿನಲ್ಲಿ ವಿಡಿಯೋ ಕೂಡ ಮಾಡಿಕೊಂಡಳು. ರೊಳ್ಳ, ರತ್ನಗಿರಿ ಕಡೆ ಹೋದಾಗ ಅಂಥ ಮಕ್ಕಳ ತಾಯಂದಿರನ್ನು ಕೂರಿಸಿಕೊಂಡು, “ನೋಡಿ, ಸರಿಯಾಗಿ ಮಾಡಿದರೆ ಮಗು ಹೀಗಿರುತ್ತೆ,” ಎಂದು ಅದನ್ನೇ ತೋರಿಸಿ, ಕೇಳಿದವರ ಫೋನಿಗೂ ಕಳಿಸುತ್ತಿದ್ದಳು. ಬೆಂಗಳೂರಿನ ಗೈಡಿಗೂ ಕಳಿಸಿದಳು. ಎಂದೂ ಯಾವುದನ್ನೂ ಮೆಚ್ಚದ ಆ ಮಹಾಶಯರು, “ಇಂಥ ಮನೆ ಸಿಕ್ಕಿದ್ದು ಪುಣ್ಯ ಕಣಮ್ಮ,” ಎಂದುಬಿಟ್ಟರು.

ಶ್ರಾವಣ ಮುಗಿಯುವ ಹೊತ್ತಿಗೆ ಹೇಮಿ ಊಟ ಕಡಿಮೆ ಮಾಡಿದಳು.

“ಮುದ್ದೆ ಹಿಸುಕಿ ಕೊಟ್ರೂ ನುಂಗ್ತಿಲ್ಲ ಕಣತ್ತೆ,” ಎಂದಳು ಗಂಗೋತ್ರಿ.

“ಮುದ್ದಿ ಯಾರು ನುಂಗ್ತಾರ? ರೊಟ್ಟಿ ಹಾಲಾಗ ನೆನಸಿ ಕೊಡು.”

“ಇಷ್ಟು ವರ್ಸ ನುಂಗಿದ್ದು ಮುದ್ದೆನೇ ಅಲ್ವಾ?”

“ಅದಕ್ಕ ಹಿಂಗ ಕಡ್ಡಿ ಆಗ್ಯಾಳ.”

ಗಂಗೋತ್ರಿ ತಟ್ಟೆಯನ್ನು ನೆಲಕ್ಕೆ ಕುಕ್ಕಿದಳು. ಉಷಾ ನಡುವೆ ಬಾಯಿ ಹಾಕಿ ಎರಡೂ ಕಡೆಯಿಂದ ಬೈಸಿಕೊಂಡಳು. ಅತ್ತೆ ಅಡುಗೆಮನೆಗೆ ಹೋದ ಮೇಲೆ ಗಂಗೋತ್ರಿ ದನಿ ತಗ್ಗಿಸಿದಳು.

“ಉಷಕ್ಕ, ಊಟ ಒಂದೇ ಅಲ್ಲ. ಬಟ್ಟೆ ಬದಲಾಯ್ಸಾಕೆ ಕಾಲು ಅಗಲ ಮಾಡಿದ್ರೆ ಮೈಯೆಲ್ಲ ಸೆಟೆಸ್ಕಂತಾಳೆ. ರಾತ್ರಿ ನಿದ್ದೆನೂ ಇಲ್ಲ. ಏನೋ ಆಗೈತೆ.”

“ಅಳ್ತಾಳೇನು?”

“ಇಲ್ಲ.”

“ಮತ್ತ? ಆಕಿ ಮುಖ ದಿನಾ ನೋಡ್ತೀನಿ ನಾನು. ನೋವಿಲ್ಲ. ಬೆಳೆಯೋ ವಯಸ್ಸಿನ್ಯಾಗ ಎಲುಬು ಉದ್ದ ಆದಂಗ ಸ್ನಾಯು ಆಗಂಗಿಲ್ಲ, ಅದಕ್ಕ ಬಿಗಿ ಹೆಚ್ಚಾಗೈತಿ. ಇನ್ನೊಂಚೂರು ಜಾಸ್ತಿ ಎಳದು ಮಾಡಬೇಕು.”

“ನೋವಿರೋ ಕೂಸು ನಗ್ತೈತೇನು?” ಒಳಗಿನಿಂದಲೇ ಎಂದಳು ದ್ರಾಕ್ಷಾಯಣಮ್ಮ. ಆಕೆಯ ಕಿವಿ ಚುರುಕು. “ನಡುರಾತ್ರ್ಯಾಗೂ ಒಬ್ಬಾಕೇ ನಗ್ತಿರ್ತಾಳ. ಅಂಥ ಮಕ್ಕಳನ್ನ ದೇವರ ಬಂದು ಆಡಸ್ತಾನ.”

ಗಂಗೋತ್ರಿ ಮಿಷನ್ ಮುಂದೆ ಹೋಗಿ ಕೂತಳು. ಒಬ್ಬಾಕೆ ಅತ್ತೆ, ಇನ್ನೊಬ್ಬಾಕೆ ಓದಿದವಳು. ಇಬ್ಬರೂ ಒಂದೇ ಮಾತಾಡಿದರೆ ಸೊಸೆಯ ಮಾತು ನೀರಲ್ಲಿ ಹೋಮ. ಪೆಡಲ್ ಒತ್ತಿ ಮಿಷನ್ ಓಡಿಸಿದಳು.

ಕಾರ್ತಿಕದ ಸೋಮವಾರ ಹೇಮಾವತಿ ಊರಿನ ಸಿದ್ಧೇಶ್ವರನಿಗೆ ಹರಕೆಯ ಪೂಜೆ. ದ್ರಾಕ್ಷಾಯಣಮ್ಮನ ಮಂಡಿ ಬಸ್ಸು ಹತ್ತಲು ಒಪ್ಪಲಿಲ್ಲ. ಉಷಾಳಿಗೆ ಆ ಕಡೆಯ ಹಳ್ಳಿಗಳ ಕೆಲಸವೂ ಇದ್ದುದರಿಂದ ಅವಳೇ ಗಂಗೋತ್ರಿಗೆ ಜೊತೆಯಾಗಿ, ಮಗುವನ್ನು ಎತ್ತಿಕೊಂಡು ಹೊರಟಳು. ಕಲ್ಯಾಣದುರ್ಗ ದಾಟಿದ ಮೇಲೆ ರಸ್ತೆ ಎಂಬುದು ಹೆಸರಿಗಷ್ಟೇ. ಬಸ್ಸು ಗುಂಡಿಗೆ ಬಿದ್ದಾಗಲೆಲ್ಲ ಹೇಮಿ ಕಿಲಕಿಲ ನಗುತ್ತಿದ್ದಳು.

“ಎಂಥ ಖುಷಿ ಮಗುನಮ್ಮ,” ಎಂದು ಪಕ್ಕದ ಸೀಟಿನವರು ಅವಳ ಕೆನ್ನೆ ಸವರಿದರು. ಉಷಾಳೂ ನಕ್ಕಳು.

ಗಂಗೋತ್ರಿಯ ತಾಯಿ ಕದರಮ್ಮನ ಮನೆಯಲ್ಲಿ ರೇಷ್ಮೆ ಹುಳು ಸೊಪ್ಪು ತಿನ್ನುವ ಸದ್ದು, ಹಿಪ್ಪುನೇರಳೆಯ ವಾಸನೆ. ಪೂಜೆ ಮುಗಿಸಿ, ಅವರೆಕಾಳು ಸಾರು ಮುದ್ದೆ ಉಂಡು, ಉಷಾ ಎಂದಿನ ವ್ಯಾಯಾಮಕ್ಕೆ ಚಾಪೆ ಹಾಸಿದಳು. ತಲೆಯ ಕಡೆ ಈ ಸಲ ಕದರಮ್ಮ ಕೂತಳು. ಗಂಗೋತ್ರಿಗೆ ಇಲ್ಲಿ ಮಿಷನ್ ಇರಲಿಲ್ಲ, ಎದುರಿಗೇ ಕೂತಿದ್ದಳು.

ಉಷಾ ಎಡಗಾಲನ್ನು ಹೊರಕ್ಕೆ ಸರಿಸಿದ ಕೂಡಲೇ ಹೇಮಿ ನಕ್ಕಳು. ನಕ್ಕು, ಬಾಯಿ ತೆರೆದು ಕದರಮ್ಮನ ಕೈ ನೋಡಿದಳು. ಬರಿಗೈ. ಇನ್ನೂ ಜೋರಾಗಿ ನಕ್ಕು ಮತ್ತೆ ಬಾಯಿ ತೆರೆದಳು.

“ಏನು ಕೇಳ್ತೈತೆ ಇದು?” ಎಂದಳು ಕದರಮ್ಮ. “ಅಯ್ಯೋ, ನಗ್ತಾನೇ ಕಣ್ಣಾಗೆ ನೀರು ಬತ್ತಾವಲ್ಲೇ ಗಂಗೋತ್ರಿ!”

ಹೇಮಿಯ ಹಣೆಯ ಮೇಲೆ ಬೆವರು ಮೂಡಿತ್ತು. ಮೂರನೆಯ ಸಲ ನಗಲು ಹೋದವಳು ನಗಲಾರದೆ ಚೀರಿಬಿಟ್ಟಳು. ಉಷಾ ಗಾಬರಿಯಿಂದ ಕಾಲು ಬಿಟ್ಟಳು. ಚೀರಾಟ ನಿಂತಿತು. ಬಲಗಾಲು ಮುಟ್ಟಿದಳು, ಮಗು ಸುಮ್ಮನಿತ್ತು. ಎಡಗಾಲಿಗೆ ಸುಮ್ಮನೆ ಬೆರಳು ತಾಗಿಸಿದಳು ಅಷ್ಟೇ, ಹೇಮಿ ಕಣ್ಣೀರು ಸುರಿಸುತ್ತಲೇ ಕಿಲಕಿಲ ನಕ್ಕು ಬಾಯಿ ತೆರೆದಳು.

“ಬೆಲ್ಲ,” ಎಂದಳು ಗಂಗೋತ್ರಿ. ಅವಳ ದನಿ ಅವಳದೇ ಅನ್ನಿಸಲಿಲ್ಲ. “ನಕ್ರೆ ಬೆಲ್ಲ ಕೊಡ್ತಾರಲ್ಲ ಅತ್ತೆ. ಅದಕ್ಕೆ ನಗ್ತಾಳೆ. ಉಷಕ್ಕ, ನೋವಿಗೆ ನಗ್ತಾಳೆ ಇವಳು.”

ಬಸ್ಸಿನಲ್ಲಿ ಗುಂಡಿಗುಂಡಿಗೂ ನಕ್ಕದ್ದು, ನಡುರಾತ್ರಿ ದೇವರು ಆಡಿಸಿದ್ದು, ದಿನವೂ ತಾನು ಹಾಕಿದ ಸೊನ್ನೆ, ಎಲ್ಲ ಒಟ್ಟಿಗೆ ಬಂದು ಉಷಾಳ ಎದೆಗೆ ಒದ್ದವು. ತಲೆಯನ್ನು ಗೋಡೆಗೆ ಚಚ್ಚಿಕೊಳ್ಳಬೇಕೆನ್ನಿಸಿತು. ಮಗುವಿನ ಕಾಲನ್ನು ಸರಿಯಾಗಿ ಇಡಲು ಕೈ ಚಾಚಿದಳು.

“ಮುಟ್ಬ್ಯಾಡಿ,” ಎಂದಳು ಗಂಗೋತ್ರಿ.

ಮರುದಿನ ಹಿಂದೂಪುರದಲ್ಲಿ ಎಕ್ಸ್‌ರೇ ಆಯಿತು. ಎಡ ತೊಡೆಯ ಎಲುಬಿನ ತಲೆ ಸೊಂಟದ ಕೀಲಿನ ಗುಣಿಯಿಂದ ಹೊರಗೆ ಸರಿದಿತ್ತು. “ಇಂತ ಲೇಟಾ, ಅಮ್ಮಾ?” ಎಂದು ಡಾಕ್ಟರು ತೆಲುಗಿನಲ್ಲೇ ಕೇಳಿದರು, ಇಷ್ಟು ತಡವಾ ಎಂದು. ವ್ಯಾಯಾಮದಿಂದಲೇ ಸರಿಯಿತೆಂದು ಅವರು ಹೇಳಲಿಲ್ಲ. ಈ ಮಕ್ಕಳಿಗೆ ಅದು ತಾನಾಗಿಯೂ ಸರಿಯುತ್ತದೆ. ನೋವು ಶುರುವಾದಾಗಲೇ ಬಂದಿದ್ದರೆ ಚಿಕ್ಕದರಲ್ಲಿ ಮುಗಿಯುತ್ತಿತ್ತೇನೋ, ಈಗ ದೊಡ್ಡ ಆಪರೇಷನ್ನೇ ಬೇಕು, ಅದರ ಸರದಿಗೆ ಕೆಲವು ವಾರ ಕಾಯಬೇಕು ಎಂದರು. ಅಲ್ಲಿಯ ತನಕ ಕಾಲು ಎಳೆಯುವಂತಿಲ್ಲ. ನೋವಿನ ಸಿರಪ್ ಬರೆದುಕೊಟ್ಟರು. “ನೋವು ಹೆಚ್ಚಾದಾಗ ಕೊಡಿ. ಸುಮ್ಮಸುಮ್ಮನೆ ಕೊಡಬೇಡಿ.” ಹೆಚ್ಚಾದದ್ದು ತಿಳಿಯುವುದು ಹೇಗೆ ಎಂದು ಉಷಾ ಅವರನ್ನು ಕೇಳಲಿಲ್ಲ. ಯಾವ ಮುಖ ಇಟ್ಟುಕೊಂಡು ಕೇಳಬೇಕು?

ರಾಯದುರ್ಗದಲ್ಲಿ ಸುದ್ದಿ ಕೇಳಿ ಕಿರಣ್ ಬಳ್ಳಾರಿಯಿಂದ ಓಡಿ ಬಂದ. ಊಟದ ತಟ್ಟೆಗಳ ಮುಂದೆಯೇ ಜಗಳ ಹೊತ್ತಿಕೊಂಡಿತು.

“ನಾ ಕೂಸಿನ ಬಾಯಾಗ ವಿಷ ಹಾಕೀನೇನು?” ದ್ರಾಕ್ಷಾಯಣಮ್ಮ ಕೂಗಿದಳು. “ಬೆಲ್ಲ ಹಾಕೀನಿ! ಆವತ್ತ ಇದು ಅತ್ತಿತು ಅಂತ ನೀ ಗಡಬಡಿಸಿ ಎದ್ದಿ ಗಂಗೋತ್ರಿ, ಸೂಜಿ ನಿನ್ನ ಬೆರಳಾಗ ಮುರೀತು. ಹೊನ್ನೂರಪ್ಪ ಬಂಡಲ್ ನಿಲ್ಲಿಸಿದ. ಆಗ ಈ ಮನ್ಯಾಗ ಏನು ಬೇಯಿಸಿದ್ವಿ, ನೆನಪೈತೇನು? ಅವತ್ತಿಂದ ನಾ ಇದಕ್ಕ ನಗೋದು ಕಲಿಸೀನಿ.”

“ನನಗೆ ಒಂದು ಮಾತು ಹೇಳಬಾರದಿತ್ತಾ ಅತ್ತೆ?”

“ಹೇಳಿದ್ರ ನೀ ಮತ್ತ ಏಳ್ತಿದ್ದಿ.”

ಗಂಗೋತ್ರಿ ಅತ್ತೆಯನ್ನು ಬಿಟ್ಟು ಉಷಾಳ ಕಡೆ ತಿರುಗಿದಳು. “ಅವರು ಓದಿಲ್ಲ, ಹೋಗ್ಲಿ. ನೀವು ನೋವಿನ ಮೇಲೇ ಓದಿರೋರಲ್ವಾ ಅಕ್ಕ? ನಾನು ಬಾಯಿ ಬಿಟ್ಟು ಹೇಳಿದ್ದೆ. ಮಗು ಉಣ್ತಿಲ್ಲ, ಮಲಗ್ತಿಲ್ಲ ಅಂತ. ಹೆತ್ತೋಳ ಮಾತಿಗೆ ನಿಮ್ಮ ಓದಿನಾಗೆ ಅಂಕ ಇಲ್ವಾ?”

ಉಷಾ ತಟ್ಟೆಯನ್ನು ಅತ್ತ ಸರಿಸಿದಳು. ಆಕೆಯ ಅಂಕದ ಪಟ್ಟಿಯಲ್ಲಿ ತಾಯಿಯ ಮಾತಿಗೆ ನಿಜಕ್ಕೂ ಜಾಗವಿರಲಿಲ್ಲ.

“ಆಗಿದ್ದು ಆತು,” ಎಂದ ಕಿರಣ್. “ಅಕ್ಕಾ, ನೀ ಹೇಮಿದು ಬಿಟ್ಟು ಉಳಿದ ಮಕ್ಕಳದು ಬರೆದು ಮುಗಿಸಿಬಿಡು. ಯಾರಿಗೆ ಗೊತ್ತಾಗ್ತೈತಿ?”

ಫೋನಿನಲ್ಲಿ ಗೈಡ್ ಹೇಳಿದ್ದೂ ಅದನ್ನೇ, ಸ್ವಲ್ಪ ಇಸ್ತ್ರಿ ಮಾಡಿದ ಮಾತಿನಲ್ಲಿ. ಒಂದು ಮಗುವಿನ ವಿಷಯ ತಾನೇ, ವಿಶೇಷ ಪ್ರಸಂಗ ಎಂದು ಕೈಬಿಡಿ.

ಉಷಾ ಅರ್ಧ ಒಪ್ಪಿಯೂ ಇದ್ದಳು. ಉಳಿದ ಹಳ್ಳಿಗಳ ಕೆಲಸ ಮುಗಿಸಿಬಿಡೋಣವೆಂದು ರತ್ನಗಿರಿಗೆ ಹೋದಳು. ಕೋಟೆ ಗುಡ್ಡದ ಬುಡದಲ್ಲಿ ಸುಂಕಮ್ಮ ಎಂಬಾಕೆಯ ಮನೆ. ಆಕೆಗೂ ಅಂಥದೇ ಒಬ್ಬ ಮಗ. ಉಷಾಳನ್ನು ಕಂಡದ್ದೇ ಸುಂಕಮ್ಮ ಕಡಲೆಕಾಯಿ ಬಿಡಿಸುವುದನ್ನು ಬಿಟ್ಟು ಎದ್ದಳು.

“ಬನ್ನಿ ಮೇಡಂ, ನೋಡಿ ನಮ್ಮೋನ್ನ! ನೀವು ಫೋನಾಗೆ ತೋರಿಸಿದ್ರಲ್ಲ ಆ ಪಾಪು, ಅಂಗೇ ಮಾಡ್ಸಿವ್ನಿ. ಮೊದಲು ಕಾಲು ಹಿಡಿದ್ರೆ ಊರೇ ಒಂದಾಗಂಗೆ ಕಿರುಚೋನು. ಈಗ ಫೋನ್ ತೋರ್ಸಿ, ನಗು ಮಗ ಆ ಅಕ್ಕನಂಗೆ ಅಂತೀನಿ. ನಗ್ತಾನೆ!”

ಹೇಳುತ್ತಲೇ ಕಾಲು ಹಿಡಿದು ಮಡಚಿದಳು. ಹುಡುಗ ಕಣ್ಣು ಬಿಗಿ ಮುಚ್ಚಿಕೊಂಡು ಹಲ್ಲು ತೋರಿಸಿದ. ಸುಂಕಮ್ಮನ ಮುಖದಲ್ಲಿ ಎಂಥ ಹೆಮ್ಮೆ.

ಉಷಾ ಹೊಸಿಲ ಮೇಲೆ ಕೂತಳು. ಇನ್ನು ಯಾವ ಯಾವ ಮನೆಯಲ್ಲಿ ಆ ವಿಡಿಯೋ ನೋಡಿ ನಗು ಕಲಿಸಿದ್ದಾರೋ, ಯಾವ ಸೊನ್ನೆಯ ಹಿಂದೆ ಯಾವ ಸೊಂಟ ಸರಿದಿದೆಯೋ.

“ಸುಂಕಮ್ಮ, ಅವನು ಕಿರುಚಲಿ,” ಎಂದಳು ಕೊನೆಗೆ. “ತಪ್ಪು ನಂದು. ಆ ಪಾಪುಗೆ ಸೊಂಟ ಸರಿದಿತ್ತು. ನಾನು ನೋಡಲಿಲ್ಲ. ಇವನಿಗೂ ಒಂದ್ಸಲ ಎಕ್ಸ್‌ರೇ ಮಾಡಿಸಾಣ, ನಾನೇ ಕರ್ಕೊಂಡು ಹೋಗ್ತೀನಿ.”

ಸುಂಕಮ್ಮನ ಹೆಮ್ಮೆ ಇಳಿದು ಅಲ್ಲಿ ಸಿಟ್ಟು ಬಂತು. “ಅಂಗಂದ್ರೆ ಆವಾಗ ಯಾಕೆ ಹಿಂಗಂದ್ರಿ?” ಎಂದಳು. ಉಷಾ ಊರೂರು ಸುತ್ತಿ ಎಲ್ಲ ಮನೆಗಳಲ್ಲೂ ಅದೇ ಮಾತು ಹೇಳಿ, ಅದೇ ಪ್ರಶ್ನೆ ಕೇಳಿಸಿಕೊಂಡಳು.

ಗೈಡಿಗೆ ಫೋನ್ ಮಾಡಿ, ಯಾವ ಮಗುವಿನ ಅಂಕವನ್ನೂ ನಂಬುವ ಹಾಗಿಲ್ಲ, ಊಟ, ನಿದ್ದೆ, ತಾಯಿಯ ಮಾತು ಎಲ್ಲ ಸೇರಿಸಿ ಮೊದಲಿಂದ ಶುರು ಮಾಡುತ್ತೇನೆ ಎಂದಳು. ಅವರು ರೇಗಿದರು. ಇಷ್ಟು ವರ್ಷದ ಕೆಲಸ ಹೊಳೆಗೆ ಹಾಕಿ ಬಂದರೆ ತಾನು ಜವಾಬ್ದಾರನಲ್ಲ ಎಂದು ಫೋನಿಟ್ಟರು. ಡಾಕ್ಟರೇಟು ಮುಗಿದರೆ ಸಿಗಬೇಕಾಗಿದ್ದ ಕಾಯಂ ನೌಕರಿಯೂ ಆ ಫೋನಿನ ಜೊತೆಗೇ ಹೋಯಿತು. ಉಷಾ ಬಚ್ಚಲಿಗೆ ಹೋಗಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಆ ಮನೆಯ ಮಗಳಲ್ಲವೇ.

ಇತ್ತ ದ್ರಾಕ್ಷಾಯಣಮ್ಮ ತನ್ನ ತಪ್ಪನ್ನು ತನಗೆ ಗೊತ್ತಿದ್ದ ಒಂದೇ ದಾರಿಯಲ್ಲಿ ತಿದ್ದಹೊರಟಳು. ಹೇಮಿ ಅತ್ತರೆ ಬೆಲ್ಲ, ನಕ್ಕರೆ ಇಲ್ಲ. ಏಳು ವರ್ಷದ ಮಗುವಿಗೆ ಬುದ್ಧಿ ಏನು ಕಡಿಮೆ? ಎರಡೇ ದಿನದಲ್ಲಿ ಹೊಸ ಪಾಠ ಕಲಿತಳು. ಅಜ್ಜಿ ಅಡುಗೆಮನೆಗೆ ಹೋದರೆ ಅಳು, ಸೆರಗು ಸರಿಸಿದರೆ ಅಳು, ಬೆಲ್ಲ ಬಾಯಿಗೆ ಬಿದ್ದ ಕೂಡಲೇ ಸ್ವಿಚ್ ಆರಿಸಿದಂತೆ ಮೌನ. ಗಂಗೋತ್ರಿ ಸಿರಪ್ ಬಾಟಲಿ ಹಿಡಿದು ನಿಂತುಬಿಟ್ಟಳು. ನೋವಿಗೋ ಬೆಲ್ಲಕ್ಕೋ ಯಾರು ಹೇಳಬೇಕು?

“ಅವ್ವಾ, ಆ ಬೆಲ್ಲ ತಿಪ್ಪಿಗೆ ಹಾಕು!” ಉಷಾ ಕಿರುಚಿದಳು. “ನಗೂ ಕಲಿಸಬ್ಯಾಡ, ಅಳೂ ಕಲಿಸಬ್ಯಾಡ!”

“ಮತ್ತ ಏನು ಮಾಡ್ಲಿ? ನನಗ ಬರೋದು ಅಷ್ಟ.” ದ್ರಾಕ್ಷಾಯಣಮ್ಮ ಗೋಡೆ ಹಿಡಿದುಕೊಂಡು ಮೆಲ್ಲಗೆ ಕೂತಳು. “ನಾ ಈ ಮನಿಗೆ ಬಂದ ಹೊಸದಾಗ ಬೆನ್ನು ಹಿಡಕೊಂಡಿತ್ತು. ಅಮ್ಮಾ ಅಂದ್ರ ನಮ್ಮತ್ತಿ ನಾಟಕ ಅಂತಿದ್ಲು. ನಕ್ಕೋಂತ ನೀರು ಸೇದೀನಿ, ನಕ್ಕೋಂತ ನಿನ್ನ ಹಡದೀನಿ. ಇವತ್ತಿಗೂ ಈ ಬೆನ್ನು ನೋಯ್ತೈತಿ. ನೀ ಇಷ್ಟು ಓದಿದಿ, ಒಂದಿನ ಕೇಳೀಯೇನು?”

ಉಷಾ ಕೇಳಿರಲಿಲ್ಲ. ಆ ಹೊತ್ತು ತಾಯಿಯ ಮೇಲಿದ್ದ ಸಿಟ್ಟೆಲ್ಲ ತನ್ನ ಮೇಲೇ ತಿರುಗಿತು. ಅಂದು ಸಂಜೆ ಎಣ್ಣೆ ಕಾಯಿಸಿ ತಾಯಿಯ ಬೆನ್ನಿಗೆ ತಿಕ್ಕಿದಳು. “ಕಾಲು ತಿಕ್ಕೋ ಡಾಕ್ಟ್ರು ಬೆನ್ನೂ ತಿಕ್ತಾಳಲ್ಲ,” ಎಂದು ದ್ರಾಕ್ಷಾಯಣಮ್ಮ ನಗಲು ಹೋದಳು. “ನಗಬ್ಯಾಡ ಸುಮ್ಮನಿರವ್ವ,” ಎಂದಳು ಉಷಾ. ಸ್ವಲ್ಪ ಹೊತ್ತಿನ ಮೇಲೆ ಮುದುಕಿ ಮೊದಲ ಸಲ, “ಅಲ್ಲಿ, ಅಲ್ಲೇ, ಅಮ್ಮಾ,” ಎಂದು ನರಳಿದಳು.

ಬೆಲ್ಲದ ಡಬ್ಬಿ ಎದುರುಮನೆಗೆ ಹೋಯಿತು. ಹೇಮಿ ಕೆಲವು ದಿನ ನಕ್ಕು ನೋಡಿದಳು, ಅತ್ತು ನೋಡಿದಳು. ಎರಡಕ್ಕೂ ಏನೂ ಬೀಳದಾದಾಗ ಸುಮ್ಮನಾದಳು. ಅದು ಎಲ್ಲಕ್ಕಿಂತ ಕೆಟ್ಟದ್ದಾಗಿತ್ತು. ಕೌದಿಯ ಮೇಲೆ ಮಲಗಿ ತೊಲೆ ನೋಡುತ್ತಿದ್ದಳು. ಮುಖದಲ್ಲಿ ಏನೂ ಇಲ್ಲ. ಮೂವರು ಹೆಂಗಸರು ಸರದಿಯ ಮೇಲೆ ಅವಳ ಮುಖ ನೋಡುತ್ತಾ, ರೊಟ್ಟಿಯೋ ಮುದ್ದೆಯೋ ಎಂಬ ಜಗಳವನ್ನೂ ಮರೆತರು.

ಆಪರೇಷನ್ನಿಗೆ ಹೋಗುವ ಹಿಂದಿನ ವಾರ. ಮಧ್ಯಾಹ್ನ ಇಳಿದಿತ್ತು. ಹೊನ್ನೂರಪ್ಪ ಬರುವ ಹೊತ್ತಾದರೂ ಬಂಡಲಿನಲ್ಲಿ ಇನ್ನೂ ಪ್ಯಾಂಟುಗಳು ಉಳಿದಿದ್ದವು. ಗಂಗೋತ್ರಿ ತಲೆ ಎತ್ತದೆ ಮಿಷನ್ ಓಡಿಸುತ್ತಿದ್ದಳು. ಹೇಮಿ ಮಗ್ಗುಲಾಗಲು ಹೋದಾಗ ಎಡಗಾಲು ಮಡಚಿಕೊಂಡಿತು. “ಊಂ” ಎಂದಿತು ಮಗು, ಸಣ್ಣಗೆ.

ಮಿಷನ್ ನಿಂತಿತು. ಗಂಗೋತ್ರಿ ಸೂಜಿಯಡಿ ಪ್ಯಾಂಟನ್ನು ಹಾಗೇ ಬಿಟ್ಟು ಎದ್ದು ಬಂದಳು.

ಹೇಮಿ ತಾಯಿಯನ್ನು ನೋಡಿದಳು. ನಿಂತ ಮಿಷನ್ನನ್ನು ನೋಡಿದಳು. ಮತ್ತೆ ತಾಯಿಯನ್ನು ನೋಡಿದಳು. ಅವಳ ತುಟಿ ಅದುರಿತು, ಹುಬ್ಬು ಗಂಟಿಕ್ಕಿತು, ಆಮೇಲೆ ಇಷ್ಟು ದಿನ ಎಲ್ಲಿಟ್ಟುಕೊಂಡಿದ್ದಳೋ ಅದನ್ನೆಲ್ಲ ಹೊರಗೆ ಹಾಕಿ ಗಂಟಲು ಬಿರಿಯುವಂತೆ ಅತ್ತಳು. ಯಾರ ಕೈಯನ್ನೂ ನೋಡಲಿಲ್ಲ, ಬಾಯಿ ತೆರೆದು ಕಾಯಲಿಲ್ಲ. ಉಷಾ ಸಿರಪ್ ತಂದಳು. ದ್ರಾಕ್ಷಾಯಣಮ್ಮ ಅಭ್ಯಾಸಬಲದಿಂದ “ನಗ...” ಎಂದವಳು ತನ್ನ ಬಾಯಿಯನ್ನು ತಾನೇ ಮುಚ್ಚಿಕೊಂಡಳು.

ಹೊರಗೆ ಗಾಡಿಯ ಹಾರ್ನು ಕೇಳಿತು.

“ಆತೇನ್ರಿ ಬಂಡಲ್?” ಹೊನ್ನೂರಪ್ಪ ಬಾಗಿಲಲ್ಲಿ ಇಣುಕಿದ. “ಮಿಷನ್ ಯಾಕ ಸುಮ್ಮನೈತಿ?”

ಗಂಗೋತ್ರಿ ಮಗುವನ್ನು ತೊಡೆಯ ಮೇಲೆ ಎಳೆದುಕೊಂಡಿದ್ದಳು. ಏಳಲಿಲ್ಲ.

“ಇವತ್ತು ಆಗ್ಲಿಲ್ಲ ಕಣಣ್ಣ,” ಎಂದಳು. “ನನ್ನ ಮಗಳು ಅಳ್ತಾವಳೆ.”